ಲೆಕ್ಕ ಕೇಳಲು ಕಲಿಸುವ ಮೇಷ್ಟ್ರು

ಸಿ.ಎಸ್. ಪುರದಂಥ ಹೋಬಳಿಯಲ್ಲಿ ಬಿ.ಕಾಂ. ಪಾಠ ಮಾಡುವವರ ಕೆಲಸ ಕಾಲೇಜಿನ ಗಂಟೆಗೆ ಮುಗಿಯುವುದಿಲ್ಲ. ಡೇರಿ, ಸೊಸೈಟಿ, ಸ್ತ್ರೀಶಕ್ತಿ ಸಂಘ, ಪಂಚಾಯಿತಿಗಳ ಪುಸ್ತಕದವರೆಗೂ ಅದು ಹೋಗುತ್ತದೆ.

ಸೆಪ್ಟೆಂಬರ್ ಬಂತೆಂದರೆ ಗುಬ್ಬಿ, ಕುಣಿಗಲ್, ತುರುವೇಕೆರೆ ಸೀಮೆಯ ಹಳ್ಳಿಗಳಲ್ಲಿ ಮಹಾಸಭೆಗಳ ಕಾಲ. ಡೇರಿ ಮುಂದೆ, ಸೊಸೈಟಿ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ತೆಳ್ಳನೆ ಕಾಗದದ ವಾರ್ಷಿಕ ವರದಿ ಕೈಯಿಂದ ಕೈಗೆ ಹೋಗುತ್ತದೆ. ಕಾರ್ಯದರ್ಶಿ ಜಮಾ, ಖರ್ಚು, ಲಾಭ, ನಷ್ಟಗಳನ್ನು ಒಂದೇ ಉಸಿರಿಗೆ ಓದುತ್ತಾರೆ. ‘ಎಲ್ಲರಿಗೂ ಒಪ್ಪಿಗೆ ತಾನೆ?’ ಎನ್ನುವಷ್ಟರಲ್ಲಿ ‘ಪಾಸು, ಪಾಸು’ ಎಂಬ ದನಿ ಹಿಂದಿನ ಸಾಲಿನಿಂದ ಬರುತ್ತದೆ. ಕೇಸರಿಬಾತಿನ ವಾಸನೆಯೂ ಅದೇ ಹೊತ್ತಿಗೆ ಬಂದಿರುತ್ತದೆ.

ಕೆಲವು ಊರುಗಳಲ್ಲಿ ಈಗ ನಡುವೆ ಒಂದು ಕೈ ಮೇಲೇಳುತ್ತದೆ. ‘ಅಣ್ಣಾ, ಹೋದ ವರ್ಷದ ವರದೀಲಿ ಆಖೈರು ಶಿಲ್ಕು ಒಂದೈತೆ, ಈ ವರ್ಷದ ಆರಂಭ ಶಿಲ್ಕು ಬೇರೆ ಐತಲ್ಲ, ಹೆಂಗೆ?’ ಕೇಳುವವರು ಸಾಮಾನ್ಯವಾಗಿ ಹರೆಯದವರು. ವಿಚಾರಿಸಿದರೆ ಪಕ್ಕದ ಹೋಬಳಿ ಕಾಲೇಜಿನಲ್ಲಿ ಬಿ.ಕಾಂ. ಓದಿದವರೋ ಓದುತ್ತಿರುವವರೋ ಆಗಿರುತ್ತಾರೆ. ಒಂದು ವರ್ಷದ ಕೊನೆಯ ಶಿಲ್ಕೇ ಮುಂದಿನ ವರ್ಷದ ಮೊದಲ ಶಿಲ್ಕಾಗಬೇಕು ಎಂಬುದು ಲೆಕ್ಕಶಾಸ್ತ್ರದ ಮೊದಲ ವಾರದ ಪಾಠ. ಕಾಲೇಜಿನ ಕರಿಹಲಗೆಯಿಂದ ಆ ಪಾಠವನ್ನು ಶಾಮಿಯಾನದ ಕೆಳಕ್ಕೆ ತಂದವರನ್ನು ಊರು ‘ಕಾಮರ್ಸ್ ಮೇಷ್ಟ್ರು’, ‘ಕಾಮರ್ಸ್ ಮೇಡಂ’ ಎಂದಷ್ಟೇ ಗುರುತಿಸುತ್ತದೆ. ಅವರ ವೃತ್ತಿಯ ಕತೆಯನ್ನು ಬರೆದವರು ಕಡಿಮೆ.

ಹೋಬಳಿಗೆ ಬಂದ ಬಿ.ಕಾಂ.

ಗುಬ್ಬಿ ತಾಲ್ಲೂಕಿಗೆ ಆರು ಹೋಬಳಿ: ಕಸಬಾ, ಚೇಳೂರು, ಹಾಗಲವಾಡಿ, ನಿಟ್ಟೂರು, ಕಡಬ ಮತ್ತು ಸಿ.ಎಸ್. ಪುರ. ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿರುವ ಸಿ.ಎಸ್. ಪುರದವರಿಗೆ ತುರುವೇಕೆರೆ, ಕುಣಿಗಲ್ ಸೀಮೆಗಳೂ ನೆರೆಯವೇ. ಒಂದು ಕಾಲದಲ್ಲಿ ಇಲ್ಲಿನವರು ಪದವಿ ಓದಬೇಕೆಂದರೆ ತುಮಕೂರಿನಲ್ಲಿ ಹಾಸ್ಟೆಲ್ ಹಿಡಿಯಬೇಕಿತ್ತು, ಇಲ್ಲವೇ ಬೆಳಗಿನ ಬಸ್ಸಿಗೆ ಜೋತುಬೀಳಬೇಕಿತ್ತು. ಹೆಣ್ಣುಮಕ್ಕಳ ಓದು ಹೆಚ್ಚಾಗಿ ಪಿಯುಸಿಗೇ ನಿಲ್ಲುತ್ತಿದ್ದುದು ಈ ಬಸ್ಸಿನ ದೆಸೆಯಿಂದ.

ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಹುಟ್ಟಿತು. 2007ರ ಆಸುಪಾಸಿನಲ್ಲಿ ರಾಜ್ಯದುದ್ದಕ್ಕೂ ಸಣ್ಣ ಊರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತೆರೆದವು. ಈಗ ಅಂಥ ಕಾಲೇಜುಗಳು ರಾಜ್ಯದಲ್ಲಿ 400ಕ್ಕೂ ಹೆಚ್ಚು. ಬಹುತೇಕ ಕಡೆ ಶುರುವಾದದ್ದು ಬಿ.ಎ. ಮತ್ತು ಬಿ.ಕಾಂ. ಮಾತ್ರ. ಪ್ರಯೋಗಾಲಯ ಬೇಡ, ಉಪಕರಣ ಬೇಡ. ನಾಲ್ಕು ಕೋಣೆ, ಬೋರ್ಡು, ಮೇಷ್ಟ್ರು ಇದ್ದರೆ ಸಾಕು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಉಳಿತಾಯಕ್ಕೆಂದು ಬಂದ ಬಿ.ಕಾಂ. ಹಳ್ಳಿಗಳಿಗೆ ಒಗ್ಗಿಹೋಯಿತು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲವಾಯಿತು.

ಅಮೆರಿಕದಲ್ಲಿ ಇಂಥ ಕೆಲಸಕ್ಕೆಂದೇ ‘ಕಮ್ಯುನಿಟಿ ಕಾಲೇಜು’ಗಳಿವೆ. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಅವುಗಳಲ್ಲಿ ಮೊದಲನೆಯದು ಆರಂಭವಾಯಿತು. ಮನೆಯಿಂದಲೇ ಹೋಗಿಬಂದು ಓದಬಹುದು, ಶುಲ್ಕ ಕಡಿಮೆ, ಪಾಠ ಆಯಾ ಊರಿನ ಕಸುಬಿಗೆ ಹತ್ತಿರ. ನಮ್ಮಲ್ಲಿಯೂ ಯುಜಿಸಿ ಕೆಲವು ವರ್ಷಗಳ ಹಿಂದೆ ಅದೇ ಹೆಸರಿನ ಯೋಜನೆ ತಂದಿತು. ಆದರೆ ಆ ಹೆಸರಿನ ಫಲಕವಿಲ್ಲದೆಯೇ ಆ ಕೆಲಸ ಮಾಡುತ್ತಿರುವುದು ಹೋಬಳಿಯ ಪದವಿ ಕಾಲೇಜು. ಸೀಟಿಗೆ ಪೈಪೋಟಿ ಇಲ್ಲ. ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದವರೂ, ವಾರದ ಕೊನೆಗೆ ಗಾರೆ ಕೆಲಸಕ್ಕೆ ಹೋಗುವವರೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಇವರ ಮುಂದೆ ನಿಲ್ಲುವ ಮೇಷ್ಟ್ರ ಮೊದಲ ತೊಡಕು ಭಾಷೆ. ಪಿಯುಸಿವರೆಗೆ ಕನ್ನಡದಲ್ಲಿ ಓದಿದವರಿಗೆ ಇಂಗ್ಲಿಷಿನ ಪಠ್ಯ ಕೈಗೆ ಬರುತ್ತದೆ. ಡೆಬಿಟ್, ಕ್ರೆಡಿಟ್, ಡಿಪ್ರಿಸಿಯೇಷನ್ ಎಂಬವು ಪರೀಕ್ಷೆಯ ಹೊತ್ತಿಗೆ ಬಾಯಿಪಾಠವಾಗಿರುತ್ತವೆ, ಅರ್ಥ ಮಾತ್ರ ಪುಸ್ತಕದಲ್ಲೇ ಉಳಿದಿರುತ್ತದೆ. ಒಳ್ಳೆಯ ಮೇಷ್ಟ್ರು ಇಲ್ಲಿ ಕಂಪನಿಯ ಲೆಕ್ಕವನ್ನು ಬದಿಗಿಟ್ಟು ಊರಿನ ಲೆಕ್ಕ ಎತ್ತಿಕೊಳ್ಳುತ್ತಾರೆ. ಟ್ರ್ಯಾಕ್ಟರ್ ಐದು ವರ್ಷದಲ್ಲಿ ಎಷ್ಟು ಸವೆಯಿತು, ಆ ಸವಕಳಿಯನ್ನು ಬಾಡಿಗೆ ದರದಲ್ಲಿ ಹಿಡಿಯದವನು ಆರನೇ ವರ್ಷ ಏನು ಮಾಡುತ್ತಾನೆ ಎಂದು ಕೇಳಿದರೆ ತರಗತಿಗೆ ಡಿಪ್ರಿಸಿಯೇಷನ್ ತಾನಾಗಿ ತಿಳಿಯುತ್ತದೆ.

ಅಟ್ಟದ ಮೇಲಿನ ಬಂಡವಾಳ

ಈ ಸೀಮೆಯಲ್ಲಿ ವಾಣಿಜ್ಯ ಕಲಿಸಲು ತೆಂಗಿಗಿಂತ ಒಳ್ಳೆಯ ಪಠ್ಯ ಬೇಕಿಲ್ಲ. ಗುಬ್ಬಿ, ತುರುವೇಕೆರೆಯ ರೈತರು ಕೊಬ್ಬರಿ ಹೊತ್ತು ಹೋಗುವುದು ತಿಪಟೂರಿನ ಮಾರುಕಟ್ಟೆಗೆ. ಅಲ್ಲಿಗೆ ಹೋಗುವ ಉಂಡೆ ಕೊಬ್ಬರಿ ಒಂದು ದಿನದಲ್ಲಿ ಆಗುವಂಥದ್ದಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಎಂಟು ಹತ್ತು ತಿಂಗಳೋ ವರ್ಷವೋ ಒಳಗಿನ ನೀರು ಆರುವವರೆಗೆ ಕಾಯಬೇಕು. ಅಷ್ಟೂ ಕಾಲ ರೈತನ ದುಡ್ಡು ಅಟ್ಟದ ಮೇಲಿರುತ್ತದೆ.

ಒಂದು ಲಕ್ಷ ರೂಪಾಯಿ ಬೆಲೆಯ ಕಾಯಿ ಅಟ್ಟದಲ್ಲಿದೆ, ಮನೆಯ ಖರ್ಚಿಗೆ ಶೇ 12ರ ಬಡ್ಡಿಯಲ್ಲಿ ಅಷ್ಟೇ ಸಾಲ ತಂದಿದ್ದಾಗಿದೆ ಎಂದಿಟ್ಟುಕೊಳ್ಳಿ. ಹತ್ತು ತಿಂಗಳು ಕಾದರೆ ಬಡ್ಡಿಯೇ 10 ಸಾವಿರ. ಕೊಳೆತ ಕಾಯಿ, ಇಲಿ ತಿಂದದ್ದು, ಸುಲಿಯುವ ಕೂಲಿ ಇನ್ನೂ ಬೇರೆ. ಇನ್ನೊಂದು ಕಡೆಗೆ ಮಟ್ಟೆ ನಾರಿನ ಕಾರ್ಖಾನೆಗೂ ಚಿಪ್ಪು ಇದ್ದಿಲು ಮಾಡುವವರಿಗೂ ಹೋಗುತ್ತದೆ, ಅದರಿಂದ ಒಂದಿಷ್ಟು ಬರುತ್ತದೆ. ದಾಸ್ತಾನಿನ ಮೌಲ್ಯ, ದುಡಿಯುವ ಬಂಡವಾಳ, ಉಪ ಉತ್ಪನ್ನದ ಲೆಕ್ಕ ಎಂದು ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯವಾಗಿರುವುದೆಲ್ಲ ಈ ಒಂದು ಅಟ್ಟದಲ್ಲಿದೆ.

ಬೆಲೆಯ ಏರಿಳಿತದ ಪಾಠವೂ ಇಲ್ಲೇ ಸಿಗುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತು. ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿದ್ದುದರಿಂದ ನಾಫೆಡ್ ಖರೀದಿ ಕೇಂದ್ರದ ಮುಂದೆ ಹೆಸರು ಬರೆಸಲು ರೈತರು ಸಾಲುಗಟ್ಟಿ ನಿಂತರು. ರಾಜ್ಯ ಸರ್ಕಾರ ಮೇಲೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ಮರುವರ್ಷ ಬೆಂಬಲ ಬೆಲೆ 12,100 ಆಯಿತು. ಅಷ್ಟರಲ್ಲಿ ಮಾರುಕಟ್ಟೆಯೇ ತಿರುಗಿ, 2025ರಲ್ಲಿ ದರ 20 ಸಾವಿರ ದಾಟಿತು. ಹಿಂದಿನ ವರ್ಷ ಸಾಲಿನಲ್ಲಿ ನಿಂತವರ ಅಟ್ಟ ಆಗ ಎಷ್ಟೋ ಕಡೆ ಖಾಲಿ. ಕಾಯುವ ಶಕ್ತಿಗೂ ಒಂದು ಬೆಲೆಯಿದೆ, ಸಾಲವಿಲ್ಲದವನೇ ಆ ಬೆಲೆ ಪಡೆಯುತ್ತಾನೆ ಎಂಬುದನ್ನು ಈ ಮಕ್ಕಳು ಮನೆಯಲ್ಲೇ ಕಂಡಿದ್ದಾರೆ. ಕಂಡದ್ದನ್ನು ಕಾಗದದ ಮೇಲೆ ಬರೆದು ಅಳೆಯಲು ಕಲಿಸುವುದು ಮೇಷ್ಟ್ರ ಪಾಲು.

ವ್ಯವಹಾರದ ಸಾಹಸಕ್ಕೆ ಉದಾಹರಣೆ ಬೇಕಾದರೆ ತಾಲ್ಲೂಕು ಕೇಂದ್ರದಲ್ಲೇ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವನ್ನು ಬೆಳೆಸಿದ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನು ತಂದರು. ಅವರನ್ನು ಕಲಾವಿದರೆಂದೇ ನಾವು ಓದಿಕೊಂಡಿದ್ದೇವೆ. ದೊಡ್ಡ ತಂಡವನ್ನು ಊರೂರಿಗೆ ಸಾಗಿಸಿ, ಉಣ್ಣಿಸಿ, ಸಂಬಳ ಕೊಟ್ಟು, ಟಿಕೆಟ್ಟಿನ ಹಣದಲ್ಲಿ ಸರಿತೂಗಿಸಿದ ಆಡಳಿತಗಾರರಾಗಿಯೂ ಅವರನ್ನು ಗುಬ್ಬಿಯ ಕಾಮರ್ಸ್ ತರಗತಿ ಓದಬೇಕು.

ನೂರಕ್ಕೆ ಒಂದು ರೂಪಾಯಿ

ಈ ಪಾಠ ಮನೆಯ ಒಳಗೆ ಹೋಗುವುದು ಸಾಲದ ಮೂಲಕ. ವಾರದ ಕಂತಿನವರು ಊರಿಗೆ ಬರುವ ದಿನ ಎಲ್ಲ ಹೆಂಗಸರಿಗೂ ಗೊತ್ತು. ಅಂಥ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಬಡ್ಡಿ ಎಷ್ಟಂತಮ್ಮ?’

‘ನೂರಕ್ಕೆ ತಿಂಗಳಿಗೆ ಒಂದ್ರೂಪಾಯಂತೆ ಕಣವ್ವ. ಬ್ಯಾಂಕ್ನೋರೂ ಅಷ್ಟೇ ಅಲ್ವಾ ತಗೊಳೋದು?’

ಅಷ್ಟೇ ಅಲ್ಲ. 50 ಸಾವಿರ ರೂಪಾಯಿಗೆ ಈ ಲೆಕ್ಕದಲ್ಲಿ ವರ್ಷದ ಬಡ್ಡಿ 6,000. ಅಸಲು, ಬಡ್ಡಿ ಸೇರಿಸಿ ಹನ್ನೆರಡು ಕಂತು ಮಾಡಿದರೆ ತಿಂಗಳಿಗೆ ಸುಮಾರು 4,667 ರೂಪಾಯಿ. ಆದರೆ ಮೊದಲ ಕಂತಿನಿಂದಲೇ ಅಸಲು ಕರಗುತ್ತ ಬರುತ್ತದೆ. ಹನ್ನೊಂದನೇ ತಿಂಗಳಲ್ಲಿ ಕೈಯಲ್ಲಿ ಉಳಿದ ಸಾಲ ಎಂಟು ಸಾವಿರದ ಆಸುಪಾಸು. ಬಡ್ಡಿ ಮಾತ್ರ ಇನ್ನೂ ಪೂರ್ತಿ 50 ಸಾವಿರದ ಮೇಲೆಯೇ ಹೋಗುತ್ತಿರುತ್ತದೆ. ಕರಗುವ ಅಸಲಿನ ಮೇಲೆ ಶೇ 12ರಂತೆ ಹಿಡಿದಿದ್ದರೆ ಕಂತು ಸುಮಾರು 4,442 ರೂಪಾಯಿ, ವರ್ಷದ ಬಡ್ಡಿ 3,309 ರೂಪಾಯಿ ಆಗುತ್ತಿತ್ತು. ಹೇಳಿದ್ದು ಶೇ 12, ಕೊಟ್ಟದ್ದು ಶೇ 21ಕ್ಕಿಂತ ಹೆಚ್ಚು.

ಬಿ.ಕಾಂ. ಓದುವ ಹುಡುಗಿ ಇದನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಮಾಡಿ ತೋರಿಸಬಲ್ಲಳು. 2024ರ ಅಕ್ಟೋಬರ್‌ನಿಂದ ಚಿಲ್ಲರೆ ಸಾಲಗಳಿಗೆ ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರ ಕೊಡುವುದು ಕಡ್ಡಾಯ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಆ ಪತ್ರವನ್ನು ಕೇಳಿ ಪಡೆದು ಓದುವವರು ಮನೆಯಲ್ಲಿಲ್ಲದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ. ವಸೂಲಿಗೆ ಬಂದವರ ಮುಂದೆ ನಿಲ್ಲಲು ಕಾನೂನು ಬೇಕು. ಸಹಿ ಹಾಕುವ ಮೊದಲು ನಿಲ್ಲಿಸಲು ಲೆಕ್ಕ ಬಂದರೆ ಸಾಕು.

ಕಾಲೇಜಿನ ಆಚೆಯ ಕೆಲಸಕ್ಕೆ ಒಂದು ಚೌಕಟ್ಟು ಒದಗಿಸುವುದು ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್). ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಅದು ಆರಂಭವಾಯಿತು. ವರ್ಷಕ್ಕೆ 120 ಗಂಟೆ ಸೇವೆ, ದತ್ತು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಚಿಕ್ಕ ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಅಧಿಕಾರಿಯ ಹೊಣೆ ಎಷ್ಟೋ ಸಲ ಕಾಮರ್ಸ್ ಮೇಷ್ಟ್ರ ಹೆಗಲಿಗೇ ಬೀಳುತ್ತದೆ, ಯಾಕೆಂದರೆ ಶಿಬಿರದ ಖರ್ಚಿಗೆ ಬಿಲ್ಲು, ರಸೀದಿ ಜೋಡಿಸುವವರು ಅವರೇ. ಚರಂಡಿ ತೆಗೆಯುವುದು, ಗಿಡ ನೆಡುವುದು, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಇಷ್ಟು ಎಲ್ಲ ಶಿಬಿರದಲ್ಲೂ ಇರುತ್ತದೆ. ಕಸುಬು ಬಲ್ಲ ಮೇಷ್ಟ್ರು ಇದರ ಜೊತೆ ಸಂಘದ ಹೆಂಗಸರ ಪಾಸ್‌ಬುಕ್ ತೆರೆಸುತ್ತಾರೆ, ವಿಮೆಯ ನಾಮಿನಿ ಸರಿಯಿದೆಯೇ ನೋಡಿಸುತ್ತಾರೆ, ಹಾಲಿನ ಚೀಟಿಯಲ್ಲಿ ಕೊಬ್ಬಿನಂಶಕ್ಕೆ ತಕ್ಕ ದರ ಬಿದ್ದಿದೆಯೇ ಎಂದು ಮಕ್ಕಳಿಂದಲೇ ತಾಳೆ ಮಾಡಿಸುತ್ತಾರೆ.

ಕಡತದಿಂದ ಬೋರ್ಡಿಗೆ

ಹಳ್ಳಿಗೆ ಲೆಕ್ಕ ಹೊಸದಲ್ಲ. ಹಿಂದೆ ಊರಿನ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಮಡಿಸಿದ ಕಡತದ ಮೇಲೆ ಬಳಪದಲ್ಲಿ ಅವರು ಬರೆದ ಅಂಕಿಯೇ ಕಂದಾಯದ ಸತ್ಯ. ಅದನ್ನು ಓದಬಲ್ಲವರು ಊರಿಗೆ ಒಬ್ಬಿಬ್ಬರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೊಂದಿಗೆ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಓದಬಲ್ಲವರು ಒಬ್ಬಿಬ್ಬರೇ ಇರುವ ಸ್ಥಿತಿ ಅಷ್ಟು ಬೇಗ ಹೋಗಲಿಲ್ಲ. ಎಷ್ಟೋ ಸಂಘಗಳಲ್ಲಿ ಕಾರ್ಯದರ್ಶಿಯೇ ಹೊಸ ಶಾನುಭೋಗ.

ಕರ್ನಾಟಕದ ನೆಲ ಸಹಕಾರಕ್ಕೆ ಹಳೆಯದು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದು ಒಂದು. ಕರಾವಳಿಯಲ್ಲಿ 1928ರಲ್ಲಿ ಡಾ. ಟಿ.ಎಂ.ಎ. ಪೈ ಅವರ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ತಂದಿತು. ಎರಡೂ ನಡೆದದ್ದು ಬಡವರ ಸಣ್ಣ ದುಡ್ಡಿನ ಮೇಲೆ, ಆ ದುಡ್ಡಿಗೆ ಲೆಕ್ಕ ಸಿಗುತ್ತದೆಂಬ ನಂಬಿಕೆಯ ಮೇಲೆ. ಇವತ್ತು ಕಾನೂನೂ ಸದಸ್ಯರ ಪರವಾಗಿದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಮಹಾಸಭೆಯೂ ಲೆಕ್ಕಪರಿಶೋಧನೆಯೂ ಕಡ್ಡಾಯ. ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು. 2005ರ ಉದ್ಯೋಗ ಖಾತರಿ ಕಾಯ್ದೆ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ತಂದಿತು, ಅದೇ ವರ್ಷ ಮಾಹಿತಿ ಹಕ್ಕೂ ಬಂತು. ಹಕ್ಕುಗಳ ಪಟ್ಟಿ ಉದ್ದವಾಗಿದೆ, ಅವನ್ನು ಚಲಾಯಿಸುವವರ ಪಟ್ಟಿ ಗಿಡ್ಡ.

ಹಳ್ಳಿಯಲ್ಲಿ ಲೆಕ್ಕ ಕೇಳಿದರೆ ‘ನನ್ ಮೇಲೆ ನಂಬ್ಕೆ ಇಲ್ವಾ?’ ಎಂಬ ಮಾತು ಬರುತ್ತದೆ. ನೆಂಟಸ್ತಿಕೆ, ಮುಲಾಜು, ಜಾತಿ, ಪಕ್ಷ ಎಲ್ಲವೂ ಆ ಒಂದು ಮಾತಿನ ಹಿಂದೆ ನಿಲ್ಲುತ್ತವೆ. ಕೇಳಿದವನು ಊರಿನ ಶತ್ರುವಾಗುತ್ತಾನೆ. ಹೋಬಳಿಯ ಕಾಮರ್ಸ್ ಮೇಷ್ಟ್ರು ಮಾಡಬಹುದಾದ ದೊಡ್ಡ ಸಾಮಾಜಿಕ ಕೆಲಸ ಈ ಗಂಟನ್ನು ಬಿಡಿಸುವುದು. ಪ್ರಾಮಾಣಿಕನಾದ ಕಾರ್ಯದರ್ಶಿಗೆ ಅತ್ಯುತ್ತಮ ರಕ್ಷಣೆ ಕೊಡುವುದು ಪ್ರಶ್ನೆ ಕೇಳುವ ಸದಸ್ಯ. ಲೆಕ್ಕ ತೋರಿಸಿದವನ ಮೇಲೆ ನಾಳೆ ಯಾರೂ ಗುಸುಗುಸು ಮಾಡುವಂತಿಲ್ಲ. ಇದನ್ನು ತರಗತಿಯಲ್ಲಿ ಕಲಿತ ಹುಡುಗ ಸಭೆಯಲ್ಲಿ ಜಗಳದ ದನಿಯಿಲ್ಲದೆ ಪ್ರಶ್ನೆ ಕೇಳುತ್ತಾನೆ, ಹಿರಿಯರೂ ಕಿವಿಗೊಡುತ್ತಾರೆ.

ಹತ್ತು ತಿಂಗಳ ಮೇಷ್ಟ್ರು

ಇಷ್ಟೆಲ್ಲ ಮಾಡಬಲ್ಲ ಮೇಷ್ಟ್ರ ಸ್ವಂತ ಜಮಾ ಖರ್ಚು ಹೇಗಿದೆ? ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ರಾಜ್ಯದಲ್ಲಿ ಅವರು ಸಾವಿರಾರು ಮಂದಿ. ಎಂ.ಕಾಂ. ಮುಗಿಸಿ, ನೆಟ್ ಅಥವಾ ಕೆ-ಸೆಟ್ ಪರೀಕ್ಷೆ ಬರೆದು, ವರ್ಷವರ್ಷವೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಕೌನ್ಸೆಲಿಂಗ್‌ಗೆ ಕಾಯುತ್ತಾರೆ. ಕಾಲೇಜು ನಡೆಯುವ ತಿಂಗಳುಗಳಿಗೆ ಗೌರವಧನ. ಬೇಸಿಗೆ ರಜೆ ಬಂದರೆ ಕೆಲಸವೂ ಇಲ್ಲ, ದುಡ್ಡೂ ಇಲ್ಲ.

2022ರ ಜನವರಿಯವರೆಗೆ ತಿಂಗಳಿಗೆ 11 ಸಾವಿರದಿಂದ 13 ಸಾವಿರ ರೂಪಾಯಿ ಇದ್ದ ಈ ಗೌರವಧನವನ್ನು ಸರ್ಕಾರ ವಿದ್ಯಾರ್ಹತೆ, ಸೇವಾವಧಿ ನೋಡಿ 26 ಸಾವಿರದಿಂದ 32 ಸಾವಿರಕ್ಕೆ ಏರಿಸಿತು. ಜೊತೆಗೆ ವಾರದ ಬೋಧನೆಯನ್ನು 15 ಗಂಟೆಗೆ ಹೆಚ್ಚಿಸಿತು. ಹೀಗಾಗಿ ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರ ಪಾಲಾಗಿ ಹಲವರು ಕೆಲಸ ಕಳೆದುಕೊಂಡರು. ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ ಯುಜಿಸಿ ಶ್ರೇಣಿಯಲ್ಲಿ 57,700 ರೂಪಾಯಿ. ಇಬ್ಬರೂ ಕಲಿಸುವುದು ಅದೇ ಪಠ್ಯ, ಅದೇ ಕೋಣೆಯಲ್ಲಿ.

2023ರ ಕೊನೆಗೆ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ವಾರಗಟ್ಟಲೆ ತರಗತಿ ಬಹಿಷ್ಕರಿಸಿದರು. 2024ರ ಜನವರಿಯ ಮೊದಲ ದಿನಗಳಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಗೌರವಧನ ಏರಿಕೆ, 5 ಲಕ್ಷದ ಆರೋಗ್ಯ ವಿಮೆ, ದೀರ್ಘ ಸೇವೆ ಮಾಡಿದವರಿಗೆ 60 ವಯಸ್ಸಿಗೆ ಇಡಿಗಂಟು ಎಂಬ ಭರವಸೆಗಳು ಆಗ ಬಂದವು. ಕಾಯಮಾತಿ ಬರಲಿಲ್ಲ. 2021ರಲ್ಲಿ ಕರೆದ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳು ಸಾವಿರಾರು ಮಂದಿಯ ಆಸೆಯಲ್ಲಿ ಸ್ವಲ್ಪವನ್ನಷ್ಟೇ ತುಂಬಿದವು.

ಇದರ ನಡುವೆ ಪಠ್ಯವೂ ನಿಲ್ಲಲಿಲ್ಲ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ತೆರಿಗೆಯ ಹಳೆಯ ನೋಟ್ಸೆಲ್ಲ ರದ್ದಿಯಾಯಿತು. ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿ ಸಾಫ್ಟ್‌ವೇರ್ ಗೊತ್ತಿಲ್ಲದ ಬಿ.ಕಾಂ. ಪದವೀಧರನಿಗೆ ತುಮಕೂರಿನ ಆಡಿಟರ್ ಕಚೇರಿಯಲ್ಲೂ ಕೆಲಸವಿಲ್ಲ. ಪ್ರತಿ ಸಲವೂ ಮೇಷ್ಟ್ರೇ ಮೊದಲು ಕಲಿತು ಆಮೇಲೆ ಕಲಿಸಬೇಕು. ಹತ್ತು ತಿಂಗಳ ನೌಕರಿಯವರು ಆ ಕಲಿಕೆಗೆ ತಮ್ಮದೇ ಜೇಬಿನಿಂದ ಖರ್ಚು ಮಾಡುತ್ತಾರೆ. ಊರಿನ ಸಂಘಗಳ ಜೊತೆ ನಂಟು ಬೆಳೆಯಲು ವರ್ಷಗಳು ಬೇಕು. ಮುಂದಿನ ವರ್ಷ ಯಾವ ಕಾಲೇಜು ಎಂದು ಗೊತ್ತಿಲ್ಲದವರು ಆ ನಂಟನ್ನು ಬೆಳೆಸುವುದಾದರೂ ಹೇಗೆ?

ಆಗಬೇಕಾದದ್ದು

ಗುಬ್ಬಿ ತಾಲ್ಲೂಕು ಬದಲಾಗುತ್ತಿದೆ. ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ತುಮಕೂರಿನ ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬೆಳೆದಿವೆ. ದೊಡ್ಡ ಕಾರ್ಖಾನೆಯ ಸುತ್ತ ಸಾಗಣೆ, ಊಟ, ಬಿಡಿಭಾಗ, ಬಾಡಿಗೆ ಮನೆ ಎಂದು ಹತ್ತಾರು ಸಣ್ಣ ವ್ಯಾಪಾರ ಏಳುತ್ತವೆ. ಅವುಗಳನ್ನು ಹೊರಗಿನವರು ನಡೆಸುತ್ತಾರೋ ಊರಿನವರೋ ಎಂಬುದಕ್ಕೆ ಬಂಡವಾಳದಷ್ಟೇ ಕಾರಣವಾಗುವುದು ಟೆಂಡರ್ ಓದುವ, ಜಿಎಸ್‌ಟಿ ಸಲ್ಲಿಸುವ, ಬ್ಯಾಂಕಿಗೆ ಯೋಜನಾ ವರದಿ ಬರೆಯುವ ತಿಳಿವಳಿಕೆ.

ಇದಕ್ಕೆ ದೊಡ್ಡ ಯೋಜನೆ ಬೇಡ. ಬಿ.ಕಾಂ. ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗೆ ಯಾವುದೋ ಕಂಪನಿಯ ವೆಬ್‌ಸೈಟಿನಿಂದ ಪುಟಗಳನ್ನು ಎತ್ತುವ ಬದಲು ಹೋಬಳಿಯ ಒಂದು ಡೇರಿ, ಒಂದು ಸೊಸೈಟಿ, ಒಂದು ಸ್ವಸಹಾಯ ಸಂಘದ ಮೂರು ವರ್ಷದ ಲೆಕ್ಕವನ್ನು ಅಭ್ಯಾಸ ಮಾಡಲು ವಿಶ್ವವಿದ್ಯಾಲಯ ಅಂಕ ಕೊಡಲಿ. ಸಂಘಗಳು ಪುಸ್ತಕ ತೋರಿಸಲು ಸಹಕಾರ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಆ ವರದಿಯನ್ನು ಕನ್ನಡದಲ್ಲಿ ಬರೆದು ಅದೇ ಸಂಘದ ಸದಸ್ಯರ ಮುಂದೆ ಓದಲಿ. ಇಷ್ಟನ್ನೂ ನಡೆಸಲು ಪ್ರತಿ ಹೋಬಳಿ ಕಾಲೇಜಿಗೆ ಕನಿಷ್ಠ ಒಬ್ಬ ಕಾಯಂ ವಾಣಿಜ್ಯ ಅಧ್ಯಾಪಕರು ಬೇಕು.

ಆ ಒಬ್ಬರ ಸಂಬಳವನ್ನು ಸರ್ಕಾರ ಖರ್ಚಿನ ಕಡೆ ಬರೆಯುತ್ತ ಬಂದಿದೆ. ಹೋಬಳಿಯ ಮನೆಗಳು ತಿಳಿಯದೆ ಕೊಡುವ ಹೆಚ್ಚುವರಿ ಬಡ್ಡಿ, ನಡೆಯದ ಲೆಕ್ಕಪರಿಶೋಧನೆಯಿಂದ ಮುಳುಗುವ ಸೊಸೈಟಿ, ಸರಿಯಾದ ಕಾಗದವಿಲ್ಲದೆ ಕೈತಪ್ಪುವ ಸಾಲ, ಇವನ್ನೂ ಅದೇ ಹಾಳೆಯ ಇನ್ನೊಂದು ಕಡೆ ಬರೆದು ನೋಡಿದರೆ ಆ ಹುದ್ದೆಯನ್ನು ಖಾಲಿ ಬಿಡುವುದೇ ದುಬಾರಿ ಎಂದು ಮೊದಲ ವರ್ಷದ ಬಿ.ಕಾಂ. ವಿದ್ಯಾರ್ಥಿಗೂ ಗೊತ್ತಾಗುತ್ತದೆ.